ಹನ್ನೊಂದು ಶೇಂಗಾ

ಗುಂತಕಲ್ಲಿನ ರೈಲ್ವೆ ಮೈದಾನಕ್ಕೆ ಹುಲ್ಲಿಲ್ಲ.
ಕೆಂಪು ಗರಸು, ಲೋಕೋ ಶೆಡ್ಡಿನ ಕಡೆಗೆ ಒಂದಿಷ್ಟು ಇಳಿಜಾರು.
ಆ ಕಡೆಗೆ ಹೊಡೆಯುವ ಟೀಮಿಗೆ
ಭೂಮಿಯೇ ಹನ್ನೆರಡನೆಯ ಆಟಗಾರ ಅಂತಾನೆ ಹುಲುಗಪ್ಪ.
ಈ ವರ್ಷ ಭೂಮಿಯೂ ಮೈಹುಷಾರಿಲ್ಲ ಅಂತ ರಜೆ ಹಾಕಿತ್ತು.

ಒಂಬತ್ತು ಮ್ಯಾಚು, ನಾಲ್ಕು ಗೋಲು.
ನಾಲ್ಕರಲ್ಲೊಂದು ಹುಬ್ಬಳ್ಳಿಯವರ ಬ್ಯಾಕಿನ ಕೋಲಿಗೆ ತಾಗಿ
ದಾರಿ ತಪ್ಪಿ ಒಳಗೆ ಹೋದದ್ದು.
ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ
ಅನ್ನುವುದರಲ್ಲೇ ಮೊದಲ ಚಹಾ ಮುಗಿಯಿತು.

ಓಬುಳಮ್ಮನ ಅಂಗಡಿಯ ಬೆಂಚು.
ನಡುವೆ ಒಂದು ಗೇಣು ಜಾಗ ಬಿಡಿಸಿ
ಖಾಸೀಂ ಪೀರ ಹನ್ನೊಂದು ಶೇಂಗಾ ಇಡುತ್ತಾನೆ.
‘ಇವ ಕೀಪರ್. ಇವರಿಬ್ಬರು ಬ್ಯಾಕು. ನಡುವ ಐದು ಮಂದಿ.’
‘ನಡುವ ಐದು ಮಂದಿ ಏನ್ ಮಾಡ್ತಾರಪಾ, ಬೀಗರ ಊಟಕ್ಕ ಬಂದಾರೇನು?’
ರೆಜಿನಾಲ್ಡ್ ಮಾಮ ಗದರಿ, ಎರಡು ಕಾಯಿ ಮುಂದಕ್ಕೆ ತಳ್ಳಿದ.
ಉಗಿಬಂಡಿ ಕಾಲದ ಫೈರ್‌ಮನ್, ಎಡಗಿವಿ ಕೇಳಿಸದು,
ಅವನಿಗೆ ಫಾರ್ವರ್ಡು ಅಂದರೆ ಇವತ್ತಿಗೂ ಐವರು:
‘ಐದು ಬೆರಳು ಕೂಡಿದ್ರೇನೇ ತುತ್ತು ಬಾಯಿಗೆ ಹೋಗೋದು!’

ಹುಲುಗಪ್ಪನದು ಬೇರೆಯೇ ಹಟ. ಪೆನಾಲ್ಟಿ ಕಾರ್ನರ್.
‘ಇಪ್ಪತ್ಮೂರು ಸಿಕ್ಕಾವ, ಒಂದೇ ಒಂದು ಗೋಲು.
ಎಳೆದು ಎಸೆಯೋದು ಕಲಿಸ್ರಿ ಆ ಹುಡುಗಗ, ಸೊಂಟ ಬಗ್ಗಿಸಲಿ.’
‘ರಾತ್ರಿ ಪೂರಾ ಸ್ಲೀಪರ್ ಎತ್ತಿದವನಿಗೆ
ಬೆಳಿಗ್ಗೆ ಸೊಂಟ ಎಲ್ಲಿಂದ ತರ್ತೀ?’
ಇಷ್ಟು ಹೊತ್ತು ಸುಮ್ಮನಿದ್ದ ನಾನೇ ಅಂದದ್ದು.
ಒಂದು ಕ್ಷಣ ಯಾರೂ ಮಾತಾಡಲಿಲ್ಲ.

ಆಮೇಲೆ ಬಲಗಡೆಯ ತಿಕ್ಕಸ್ವಾಮಿ.
ಓಡಿದರೆ ಗಾಳಿ, ಹಿಂದೆ ಬರೀ ಧೂಳು.
ಡೀ ಒಳಗೆ ಕಾಲಿಟ್ಟನೋ,
ಗೇಟು ಬಿದ್ದ ಮೇಲೆ ಹಳಿ ಮೇಲೆ ಸಿಕ್ಕಿಕೊಂಡ ಎಮ್ಮೆ.
‘ತಲೆ ಎತ್ತಿ ನೋಡಂಗಿಲ್ಲ ಅವ.’
‘ನೋಡಿ ಏನು ಮಾಡ್ತಾನ, ಪಾಸು ತಗೊಳಕ ಯಾರರ ಇರಬೇಕಲ್ಲ!’
ಕನ್ನಡದಲ್ಲಿ ಹತ್ತಿಕೊಂಡ ಜಗಳ
ತೆಲುಗಿಗೆ ದಾಟಿ, ಬೈಗುಳಕ್ಕೆ ಉರ್ದು ಹಿಡಿದು,
ಗೂಡ್ಸು ಹಾಯುವಾಗ ಐವತ್ತೆಂಟು ಡಬ್ಬಿ ತಡೆದು
ಅದೇ ಶಬ್ದದಿಂದ ಮತ್ತೆ ಶುರುವಾಯಿತು.

ಅಷ್ಟರಲ್ಲಿ ನೋಡಿದರೆ ಸೆಂಟರ್ ಫಾರ್ವರ್ಡು ಇಲ್ಲ.
ರೆಜಿನಾಲ್ಡ್ ಮಾಮನ ದವಡೆ ಆಡುತ್ತಿದೆ.
ಎಡಗಡೆಯವನನ್ನು ಖಾಸೀಂ ತಾನೇ ಸುಲಿದ.
ಕೊನೆಗೆ ಉಳಿದವ ಕೀಪರೊಬ್ಬ,
ಒಂಟಿ ಕಾಳಿನ, ಸೊಟ್ಟ ಶೇಂಗಾ.

ನಾನು ಕೀಮ್ಯಾನು. ದಿನಕ್ಕೆ ಹತ್ತು ಮೈಲಿ
ಸುತ್ತಿಗೆ ಹಿಡಿದು ಹಳಿಯ ಕೀಲಿ ತಟ್ಟುತ್ತ ನಡೆಯುವವ.
ಬಿಗಿಯಿದ್ದದ್ದರ ದನಿ ಬೇರೆ, ಸಡಿಲಾದದ್ದರ ದನಿ ಬೇರೆ.
ಸುಮ್ಮನೆ ಕೂತಾಗಲೂ ಬೆರಳು ಏನನ್ನಾದರೂ ತಟ್ಟುತ್ತದೆ.
ಇವತ್ತು ಬೆಂಚಿನ ಅಂಚು ತಟ್ಟುತ್ತಿದ್ದೆ.
ಒಂದು ಕುಳಿ ಸಿಕ್ಕಿತು. ದುಂಡಗೆ,
ಹೆಬ್ಬೆರಳು ಸರಿಯಾಗಿ ಕೂರುವಷ್ಟು.
ಪಕ್ಕಕ್ಕೆ ಸರಿದರೆ ಇನ್ನೊಂದು. ತೊಡೆಯಡಿಗೆ ಮೂರು.
ಹುಲುಗಪ್ಪನನ್ನು ಎಬ್ಬಿಸಿದೆ. ಅವನ ಅಡಿಗೆ
ಎಣಿಸಲಾರದಷ್ಟು.

‘ಓಬುಳವ್ವಾ, ಈ ಹಲಗಿ ಎಲ್ಲಿದು?’
‘ನಿಮ್ದೇ. ಗೋಲಿನ ಹಿಂದ ಇತ್ತಲ್ಲ.
ಕಂಬ ಮುರಿದ ವರ್ಷ ಇನ್‌ಸ್ಟಿಟ್ಯೂಟಿನವರು ಸೌದಿಗೆ ಹಾಕಿದ್ರು,
ಎಪ್ಪತ್ತು ರೂಪಾಯಿ ಕೊಟ್ಟೀನಿ.’

ರೆಜಿನಾಲ್ಡ್ ಮಾಮ ಎದ್ದು ನಿಂತ.
ಕನ್ನಡಕ ಒರೆಸಿ, ಬಗ್ಗಿ, ಒಂದು ಕುಳಿಗೆ
ಕೇಳುವ ಕಿವಿ ಹಚ್ಚಿ, ಗೆಣ್ಣಿನಿಂದ ತಟ್ಟಿದ.
ತಟ್.
ಇನ್ನೊಮ್ಮೆ ತಟ್ಟಿದ.
ಎಷ್ಟು ವರ್ಷವಾಗಿತ್ತು, ಆ ಸದ್ದಿಗೆ
ಇಡೀ ಕಾಲನಿ ಗೋಡೆ ಹತ್ತಿ ಕೂಗಿ.

ಒಯ್ದು ಮೊದಲಿದ್ದಲ್ಲಿ ನಿಲ್ಲಿಸೋಣ ಅಂದ ಖಾಸೀಂ.
ಹೂಂ, ನಿಲ್ಲಿಸೋಣ, ಅಂದೆವು ಎಲ್ಲರೂ.
ಈಗಲೇ? ಈಗಲೇ.
ನಾಲ್ಕು ಮೂಲೆಗೆ ನಾಲ್ವರು ಬಗ್ಗಿದೆವು.
ಆಗ ಹುಲುಗಪ್ಪ ಕೇಳಿದ:
ನಾಳೆ ಎಲ್ಲಿ ಕೂರೋದು?

ಓಬುಳಮ್ಮ ಇನ್ನೊಂದು ಸುತ್ತು ಚಹಾ ತಂದಳು.
ಕೀಪರನನ್ನು ಯಾರು ತಿಂದರೋ ನೋಡಲಿಲ್ಲ.