ಎಪ್ಪತ್ತಮೂರು

ಮೊದಮೊದಲು ಶುರುವೇ ಆಗುತ್ತಿರಲಿಲ್ಲ.
ಸೊನ್ನೆಯಲ್ಲೇ ಮುಗ್ಗರಿಸಿ, ಕೆಂಪು ಅಕ್ಷರದಲ್ಲಿ
'ಎನ್ಕೋಡಿಂಗ್ ವಿಫಲ', ಪಕ್ಕದಲ್ಲೊಂದು
ಯಾರಿಗೂ ಅರ್ಥವಾಗದ ಅಂಕಿ.
ನಾಳೆ ಬನ್ನಿ ಎಂದು ಕಿಟಕಿ ಮುಚ್ಚುವ ಗುಮಾಸ್ತನ ಹಾಗೆ.

ದಂಗುವೊಲೆ ಶೌಲೈ ಊರಿನ ಟೀವಿ ಕಾರ್ಖಾನೆಯಲ್ಲಿ
ಹತ್ತೊಂಬತ್ತು ವರ್ಷ ಬೆಸುಗೆ ಹಾಕಿದವಳು.
ಅವಳ ಕಾಲದಲ್ಲಿ ಕೆಟ್ಟದ್ದಕ್ಕೆ ವಾಸನೆ ಇರುತ್ತಿತ್ತು,
ಸುಟ್ಟ ರೆಸಿಸ್ಟರು, ಬಿಸಿ ಧೂಳು;
ಮೂಗು ಹೇಳುತ್ತಿತ್ತು ಎಲ್ಲಿ ಸತ್ತಿದೆಯೆಂದು.
ಈ ಲ್ಯಾಪ್‌ಟಾಪನ್ನೂ ಮೂಸಿ ನೋಡಿದಳು.
ನಿನ್ನೆಯ ಬೀಟ್‌ರೂಟ್ ಸಾರು, ಅಷ್ಟೆ.

ಮೇಲಿನ ಮನೆಯ ಉಗ್ನಿಯುಸ್,
ಒಂದೇ ಕಾಲಿಗೆ ಸಾಕ್ಸು ಹಾಕಿ ಇಳಿದು ಬಂದವನು,
ನಿಂತೇ ಹೇಳಿದ: "ಫೋಲ್ಡರಿನ ಹೆಸರು, ಅಜ್ಜಿ.
ಆ ಚುಕ್ಕಿ ತೆಗೀರಿ."
ರೇಕಿವ ಕೆರೆಯ ಹೆಸರಿನ ಏಕಾರ
ಅವರ ಲಿಪಿಯಲ್ಲಿ ತಲೆಯ ಮೇಲೆ ಚುಕ್ಕಿ ಹೊತ್ತಿರುತ್ತದೆ.
ಅವಳ ಹೆಸರಿನ ಕೊನೆಯಲ್ಲೂ ಅಂಥದೇ ಒಂದು.
ಹಳೆಯ ಸಾಫ್ಟ್‌ವೇರಿಗೆ ಅದು ಗಂಟಲಿನ ಮುಳ್ಳು.

ಆ ಲಿಪಿಗೆ ನಿಷೇಧವಿದ್ದ ಕಾಲದಲ್ಲಿ
ಅವಳ ಅಜ್ಜ ಪುಸ್ತಕಗಳನ್ನು ಹುಲ್ಲಿನ ಗಾಡಿಯಲ್ಲಿ ಹೂತು
ರಾತ್ರಿ ಗಡಿ ದಾಟಿಸಿದ್ದನಂತೆ,
ಒಂದು ಚುಕ್ಕಿಯೂ ಉದುರದ ಹಾಗೆ.
"ತಪ್ಪು ತಿಳೀಬೇಡ, ಅಜ್ಜ" ಎಂದು
ಒಂದು ಬೆರಳಿನಿಂದ ಅಳಿಸಿದಳು.

ಓಡಿತು.
ಎಪ್ಪತ್ತಮೂರರವರೆಗೆ ಓಡಿ ನಿಂತಿತು.

ಡಿಸ್ಕು ತುಂಬಿದೆಯೇನೋ ಎಂದು
ಮೊಮ್ಮಗಳ ಕುಣಿತದ ಕ್ಲಿಪ್ಪುಗಳನ್ನೆಲ್ಲ ಖಾಲಿ ಮಾಡಿದಳು.
ಗ್ರಾಫಿಕ್ಸ್ ಚಿಪ್ಪಿನ ಸಹಾಯ ಬೇಡವೆಂದು ಗುರುತು ತೆಗೆದಳು.
ಅಳತೆ ಕುಗ್ಗಿಸಿ, ಆರಿಸಿ, ಹೊತ್ತಿಸಿ,
ಬೆಳಗಿನ ಜಾವ ಎದ್ದೂ ಒಮ್ಮೆ.
ಎಪ್ಪತ್ತಮೂರು. ಎಪ್ಪತ್ತಮೂರು.
ಕಾರ್ಖಾನೆಯ ಮೇಸ್ತ್ರಿ ಹೇಳುತ್ತಿದ್ದುದು ಆಗ ನೆನಪಾಯಿತು:
ದಿನಾ ಒಂದೇ ಜಾಗದಲ್ಲಿ ಎಡವುವವನನ್ನು
ಕುಡುಕ ಅನ್ನಬೇಡ, ಅಲ್ಲಿ ಕಲ್ಲಿದೆ.

ಹನ್ನೊಂದು ನಿಮಿಷವನ್ನು ಎರಡು ಮಾಡಿದಳು.
ಮೊದಲರ್ಧ ಗೆದ್ದಿತು. ಉಳಿದದ್ದನ್ನು ಮತ್ತೆ ಸೀಳಿದಳು,
ಸೋತ ತುಂಡನ್ನು ಮತ್ತೆ, ಮತ್ತೆ,
ಮೀನಿನಲ್ಲಿ ಮುಳ್ಳು ಹುಡುಕುವ ಬೆರಳಿನಷ್ಟು ನಿಧಾನಕ್ಕೆ,
ಕೊನೆಗೆ ಏಳೇ ಏಳು ಫ್ರೇಮು ಉಳಿಯುವ ತನಕ.

ತೊಂಬತ್ತಾರರ ಫೆಬ್ರವರಿ. ಹೆಪ್ಪುಗಟ್ಟಿದ ರೇಕಿವ.
ಮಂಜಿನಲ್ಲಿ ತೂತು ಕೊರೆಯುತ್ತಿದ್ದ ಅಣ್ಣ ಗಿಂತೌತಸ್
ಯಾರೋ ಕರೆದಂತೆ ತಿರುಗುತ್ತಾನೆ.
ತಿರುಗುವ ಆ ಕ್ಷಣಕ್ಕೇ ಕ್ಯಾಸೆಟ್ಟಿನ ಟೇಪು ಸುಕ್ಕಾಗಿದೆ:
ಗಡ್ಡದ ಜಾಗದಲ್ಲಿ ಹಸಿರು ಚೌಕ,
ಕಣ್ಣು ಕೆರೆಯೊಳಕ್ಕೆ ಜಾರಿ ಹೋಗಿದೆ.
ದನಿಗೆ ಮಾತ್ರ ಏನೂ ಆಗಿಲ್ಲ. ನಗುತ್ತಿದ್ದಾನೆ.

"ಕತ್ತರಿಸಿಬಿಡಿ" ಎಂದ ಹುಡುಗ,
"ಕಾಲು ಸೆಕೆಂಡು. ಯಾರಿಗೆ ಗೊತ್ತಾಗತ್ತೆ?"

ಅವಳು ಕತ್ತರಿಸಲಿಲ್ಲ.
ಕೆಡುವ ಮೊದಲಿನ ಕೊನೆಯ ಫ್ರೇಮನ್ನು
ಸ್ಥಿರಚಿತ್ರವಾಗಿ ತೆಗೆದು
ಏಳರ ಅಗಲಕ್ಕೆ ಎಳೆದು ಹೊದಿಸಿದಳು,
ಕೆಳಗೆ ನಗುವನ್ನು ಇದ್ದ ಹಾಗೆ ಬಿಟ್ಟು.
ಗುಂಡಿ ಒತ್ತಿ, ಪಾತ್ರೆ ತೊಳೆಯಲು ಹೋದಳು.
ನೋಡುತ್ತಾ ಕೂತರೆ ಹಾಲೂ ಉಕ್ಕುವುದಿಲ್ಲ.

ಎಪ್ಪತ್ತನಾಲ್ಕು, ಹುಡುಗ ಕೂಗಿದ.

ಪೆನ್ ಡ್ರೈವಿಗೆ ಬಿಳಿ ಪಟ್ಟಿ ಅಂಟಿಸಿ
ಶಾಯಿಯಲ್ಲಿ ಬರೆದಳು ಕೆರೆಯ ಹೆಸರು.
ಚುಕ್ಕಿ ಇಟ್ಟಳು, ಕೊಂಚ ಜೋರಾಗಿಯೇ.

ನವೆಂಬರಿನ ಎರಡು, ಹೋದವರ ದಿನ.
ಸ್ಮಶಾನದಿಂದ ಬಂದವರ ಕೋಟುಗಳಲ್ಲಿ
ಇನ್ನೂ ಮೇಣದ ವಾಸನೆ.
ಟೀವಿಯಲ್ಲಿ ಗಿಂತೌತಸ್ ತಿರುಗಿದ, ನಿಂತ.
ತುಟಿ ಅಲುಗಲಿಲ್ಲ, ನಗು ಕೇಳಿತು.
ಮತ್ತೆ ಬಗ್ಗಿ ಕೊರೆಯತೊಡಗಿದ.

ಯಾರೂ ಏನೂ ಅನ್ನಲಿಲ್ಲ. ಅತ್ತಿಗೆ ರೆಗೀನ ಮಾತ್ರ
ಮೀನಿನ ತಟ್ಟೆ ಕೈಯಲ್ಲಿ ಹಿಡಿದೇ ಕೇಳಿದಳು:
"ಇವನು ಯಾವತ್ತು ನಿಂತಿದ್ದ ಹೀಗೆ, ಒಬ್ಬರಿಗೋಸ್ಕರ?"
ಆಮೇಲೆ, ತಟ್ಟೆ ಕೆಳಗಿಟ್ಟು,
"ಹಿಂದಕ್ಕೆ ತಗೋ. ಸ್ವಲ್ಪ."