ಅರ್ಧಕ್ಕಿಂತ ಕಮ್ಮಿ

ಉಮದಿಯ ಕನ್ನಡ ಸಾಲಿ, ನಾಕನೇ ಇಯತ್ತೆ.
ಚೌಕದ ಹಾಳೆಯ ಮೇಲೆ ಅಂಗೈ ಊರಿ
ಸುತ್ತ ಗೆರೆ ಕೊರೀರಿ ಅಂದೆ.
ತುಂಬಿದ ಚೌಕ ಒಂದು,
ಅರ್ಧಕ್ಕಿಂತ ಹೆಚ್ಚಿದ್ದರೂ ಒಂದು,
ಕಮ್ಮಿ ಇದ್ದರೆ ಬಿಟ್ಟುಬಿಡ್ರಿ.

ಮೆಹಬೂಬ ತೊಂಬತ್ತೆಂದ,
ಉದ್ದ ಉಗುರನ್ನೂ ಸೇರಿಸಿ.

ಕಲ್ಲವ್ವ ಪೆನ್ಸಿಲು ಕಚ್ಚುತ್ತ ಕೂತಳು.
'ಬಿಟ್ಟವು ಇಪ್ಪತ್ತಾರು ಅದಾವ್ರಿ ಸರ,
ಅಲ್ಲೂ ನನ್ನ ಕೈ ಐತಲ್ರೀ?'

ಗೋಡೆಯ ನಕಾಶೆಯಲ್ಲಿ
ಗಡಿಯ ಗೆರೆ ನಮ್ಮೂರ ಹೆಸರನ್ನೇ ತುಳಿದು
ಒಂದಕ್ಷರ ಆಚೆ, ಎರಡು ಈಚೆ.
ನಾನು ಅತ್ತ ನೋಡಲಿಲ್ಲ.

ಚೂರು ಚೂರು ಕೂಡಿಸಿ ನೋಡವ್ವ, ಅಂದೆ.

ಊಟದ ಗಂಟೆ ಹೊಡೆಯಿತು.
ಕಿರುಬೆರಳ ತುದಿಯ ಚೂರಿಗೆ
ಮಣಿಕಟ್ಟಿನ ಚೂರು ಹೊಂದಿಸುತ್ತ
ಇನ್ನೂ ಅಲ್ಲೇ ಇದ್ದಾಳೆ.
ತಾಟಿನ ಖಿಚಡಿ
ಆರುತ್ತಿದೆ.