ಅರ್ಧ ಓಮ್

ಬೆಳಗಿನ ಆರಕ್ಕೇ ಅಂಗಡಿಯ ಹಲಗೆ ಬಡಿದ ಯೊಟಾಮು.
ತಲೆಯ ಮೇಲೆ ಬ್ಯಾಟರಿ, ಹೆಗಲಿಗೆ ದೀಪ, ಬಾಯಲ್ಲಿ ಬೈಗುಳ:
"ಅರ್ಧ ತುಂಬಿಸಿ ಪೂರ್ತಿ ದುಡ್ಡು ತಗೋತೀಯ, ಜೆಲಿಫಾ.
ಹಚ್ಚಿದ ಗಳಿಗೆಯಿಂದಲೇ ಮಂಕು.
ಪಕ್ಕದ ದೋಣಿಗೆ ಉಸಿಪ ಮೀನು ಬೆಳ್ಳಿ ಸುರಿದಂತೆ,
ನನಗೆ ಬಲೆ ತುಂಬ ನೀರು. ಸುತ್ತಿಕೊಂಡು ಬಂದೆ."

ಮಲಾವಿ ಸರೋವರದ ಗಾಳಿಗೆ ಚಪ್ಪರ ಕಿರುಗುಟ್ಟುತ್ತಿತ್ತು.
ಮೇಲೆ ನನ್ನ ಸೋಲಾರ್ ಹಲಗೆಗಳಿಗೆ ಇನ್ನೂ ಎಚ್ಚರವಾಗಿರಲಿಲ್ಲ.
ಜಗಳಕ್ಕೆ ನಿಲ್ಲಲಿಲ್ಲ. ಮೀಟರು ತೆಗೆದೆ.

ವೋಲ್ಟ್ ಅಳೆಯುವುದು ಸುಲಭ. ಏನನ್ನೂ ಕಡಿಯಬೇಕಿಲ್ಲ,
ದಂಡೆಯಲ್ಲಿ ನಿಂತು ಎರಡು ಕಡೆ ಮುಟ್ಟಿದರೆ ಸಾಕು.
ಆಂಪಿಯರ್ ಹಾಗಲ್ಲ.
ದಾರಿಯನ್ನೇ ತುಂಡರಿಸಿ, ನಡುವೆ ಮೀಟರನ್ನು ಕೂಡಿಸಬೇಕು,
ಹರಿಯುವುದೆಲ್ಲ ಅದರ ಮೈಮೇಲೇ ಹಾದುಹೋಗಬೇಕು.
ಮ್ಜುಜುವಿನ ಶಾಲೆಯಲ್ಲಿ ಇದನ್ನು ಅದಲುಬದಲು ಮಾಡಿ
ಒಂದೇ ವಾರ ಮೂರು ಫ್ಯೂಸು ಸುಟ್ಟಿದ್ದೆ.
"ದಂಡೆಯವಳೋ ಹೊಳೆಯವಳೋ
ಮೊದಲು ತೀರ್ಮಾನ ಮಾಡಮ್ಮ" ಅಂದಿದ್ದರು ಮೇಷ್ಟ್ರು.

ದೀಪ ಹಚ್ಚಿದೆ.
ಬ್ಯಾಟರಿಯ ಬಾಯಲ್ಲಿ ಹನ್ನೆರಡು ಪಾಯಿಂಟ್ ನಾಲ್ಕು.
ದೀಪದ ಬುಡದಲ್ಲಿ ಹತ್ತು ಪಾಯಿಂಟ್ ಒಂಬತ್ತು.
ಕರೆಂಟು ಇಲ್ಲೂ ಮೂರು ಆಂಪಿಯರ್, ಅಲ್ಲೂ ಮೂರು;
ಅದನ್ನು ಯಾರೂ ಕದ್ದಿಲ್ಲ.
ದಾರಿಯಲ್ಲಿ ಬಿದ್ದುಹೋದದ್ದು ಒಂದೂವರೆ ವೋಲ್ಟು.

ತಂತಿಯ ಮೇಲೆ ಬೆರಳು ಜಾರಿಸುತ್ತಾ ಹೋದೆ.
ನಡುವೆ ಒಂದು ಕಡೆ
ಹಳೆ ಅಂಗಿಯ ಚೂರು ಸುತ್ತಿದ ಗಂಟು,
ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿ.
ಓಮ್ ಗುಂಡಿ ತಿರುಗಿಸಿ ಪ್ರಯೋಜನವಿಲ್ಲ:
ಈ ಅಗ್ಗದ ಮೀಟರಿನ ಕಡ್ಡಿಗಳಿಗೇ ಅಷ್ಟು ತಡೆಯಿದೆ,
ತೂಗುವವಳ ಹೆಬ್ಬೆರಳೇ ತಕ್ಕಡಿಯಲ್ಲಿ.
ಹಾಗಾಗಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದೆ.
ಒಂದೂವರೆಯನ್ನು ಮೂರರಿಂದ ಭಾಗಿಸು: ಅರ್ಧ ಓಮ್.
ಒಂದೂವರೆಯನ್ನು ಮೂರರಿಂದ ಗುಣಿಸು: ನಾಲ್ಕೂವರೆ ವ್ಯಾಟ್.
"ನೋಡು, ನಿನ್ನ ಮೀನಿಗೆ ತೋರಬೇಕಾದ ಬೆಳಕು
ಈ ಗಂಟನ್ನು ಬೆಚ್ಚಗಿಡುತ್ತಿದೆ."

ಇಕ್ಕಳ ಎತ್ತಿಕೊಂಡೆ. ಅವನು ನನ್ನ ಮಣಿಕಟ್ಟು ಹಿಡಿದ.
"ಕಡಿಯಬೇಡ."
ಬೈಗುಳವೆಲ್ಲ ಎಲ್ಲಿ ಹೋಯಿತೋ.
"ಅದು ಮಸೌಕೊ ಹಾಕಿದ ಗಂಟು."

ಮಸೌಕೊ, ಅವನ ತಮ್ಮ. ಮ್ವೆರಾ ಗಾಳಿ ಎದ್ದ ರಾತ್ರಿ
ದೋಣಿ ದಡಕ್ಕೆ ಬಂತು, ಹುಟ್ಟು ಬಂತು,
ಅವನು ಬರಲಿಲ್ಲ.
ಆ ಚೂರಿನ ಹಸಿರು ಪಟ್ಟೆ ನನಗೂ ನೆನಪಿತ್ತು.

ಎಷ್ಟೋ ಹೊತ್ತು ಮೀಟರು ತನ್ನಷ್ಟಕ್ಕೆ ತಾನು
ಕೊನೆಯ ಅಂಕಿಯನ್ನು ಬದಲಿಸುತ್ತಾ ಕೂತಿತ್ತು.
ಆಮೇಲೆ ಒಂದು ಗೇಣು ಹೊಸ ತಾಮ್ರ ಕತ್ತರಿಸಿ
ಗಂಟಿನ ಆಚೆಗೊಂದು ತುದಿ, ಈಚೆಗೊಂದು ತುದಿ ಬೆಸೆದೆ.
ಗಂಟನ್ನು ಮುಟ್ಟಲಿಲ್ಲ.

ಮತ್ತೆ ಅಳೆದೆ. ಹನ್ನೆರಡು ಪಾಯಿಂಟ್ ಮೂರು.
ಹಗಲಲ್ಲೂ ದೀಪ ಕಣ್ಣು ಕುಕ್ಕಿತು.

"ಹಾಗಾದರೆ ಅವನ ಗಂಟಿನಲ್ಲಿ ಇನ್ನೇನೂ ಹರಿಯುವುದಿಲ್ಲವಾ?"

ಹರಿಯುತ್ತದೆ, ಅಂದೆ. ಎರಡು ದಾರಿ ಕೊಟ್ಟರೆ
ಕರೆಂಟು ಒಂದನ್ನು ಆರಿಸಿ ಇನ್ನೊಂದನ್ನು ಬಿಡುವುದಿಲ್ಲ.
ಸಲೀಸಾದದ್ದರಲ್ಲಿ ಹೆಚ್ಚು, ಕಷ್ಟದ್ದರಲ್ಲಿ ಕಡಿಮೆ,
ಸೊನ್ನೆಯಂತೂ ಅಲ್ಲ.

"ಎಷ್ಟು?"

"ಹದಿನೈದರಲ್ಲಿ ಒಂದು ಪಾಲು. ಹೆಚ್ಚೆಂದರೆ."

ಅವನು ಬೆರಳು ಮಡಚಿ ಹದಿನೈದರವರೆಗೂ ಎಣಿಸಿದ.
ಗಂಟನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾದ.
"ತಣ್ಣಗಾಗಿದೆ," ಅಂದ.

ತಾಮ್ರಕ್ಕೆ ಎಂಟುನೂರು ಕ್ವಾಚಾ ಹೇಳಿದೆ.
ಚೌಕಾಸಿ ಮಾಡಿ ಐನೂರು ಕೊಟ್ಟು
ಬ್ಯಾಟರಿಯನ್ನು ತಲೆಗೇರಿಸಿಕೊಂಡ.
ಬೈದದ್ದರ ಬಾಕಿ ಹಾಗೇ ಇದೆ.